ಗುಡ್ಡದಲ್ಲಿ ರೇಂಜ್ ಇಲ್ಲ, ಅತಿಥಿಗಳ ಕೈಗೆ ಜಿಪಿಎಸ್ ಬ್ಯಾಂಡ್ ಕಟ್ಟಿದರೆ ಉಪಯೋಗ ಇದೆಯಾ? ಅನುಭವ ಇರುವವರು ಹೇಳಿ

ಸಂಸೆ ಹೋಂಸ್ಟೇ

ಎಲ್ಲರಿಗೂ ನಮಸ್ಕಾರ. ಕಳಸದ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಸುತ್ತ ಕಾಫಿ, ಅಡಿಕೆ, ಮೇಲೆ ಗುಡ್ಡ. ಬರುವವರಲ್ಲಿ ಹೆಚ್ಚಿನವರು ಕುದುರೆಮುಖ ಹತ್ತೋಕೆ ಬರುತ್ತಾರೆ. ಉಳಿದವರು ಹಳ್ಳ, ಅಬ್ಬಿ (ಜಲಪಾತ) ನೋಡೋಕೆ.

ಮೊನ್ನೆ ನಮ್ಮ ಕಡೆಯ ಹೋಂಸ್ಟೇಯವರೆಲ್ಲ ಸೇರಿದ್ದೆವು. ಒಂದು ಕಂಪನಿಯವರು ಬಂದು ಬ್ಯಾಂಡ್ ತೋರಿಸಿದರು. ಅತಿಥಿಯ ಕೈಗೆ ಕಟ್ಟುವುದು. ಒಳಗೆ ಸಿಮ್ ಇದೆ, ಜಿಪಿಎಸ್ ಇದೆ, ಕೆಂಪು ಬಟನ್ ಇದೆ. ಒತ್ತಿದರೆ ನಮ್ಮ ಫೋನಿಗೆ ಅಲಾರಂ. ಯಾರಾದರೂ ಬಿದ್ದರೆ ಬ್ಯಾಂಡೇ ಕಂಡುಹಿಡಿಯುತ್ತದಂತೆ. ಆಫೀಸಿನಲ್ಲಿ ದೊಡ್ಡ ಟಿವಿ ಇಟ್ಟರೆ ಎಲ್ಲ ಅತಿಥಿಗಳೂ ನಕ್ಷೆಯಲ್ಲಿ ಚುಕ್ಕಿಗಳಾಗಿ ಕಾಣುತ್ತಾರೆ. ತಿಂಗಳಿಗೆ ಇಷ್ಟು ಬಾಡಿಗೆ. ಅರ್ಧ ಜನ ಆಗಲೇ ತಗೊಳ್ಳೋಣ ಅಂತಿದ್ದಾರೆ.

ನನ್ನ ತಲೆಯಲ್ಲಿ ಕೂತಿರುವ ಪ್ರಶ್ನೆ ಒಂದೇ. ನಮ್ಮ ಮನೆ ದಾಟಿ ಮೇಲಿನ ಹಳ್ಳಕ್ಕೆ ಹೋದರೆ ನನ್ನ ಫೋನಿನಲ್ಲೇ ಒಂದು ಕಡ್ಡಿ ಬರೋದಿಲ್ಲ. ಆ ಬ್ಯಾಂಡ್ ಯಾರ ಜೊತೆ ಮಾತಾಡುತ್ತೆ?

ಹಾಗಂತ ಸುಮ್ನೆ ಕೂರೋಕೂ ಮನಸ್ಸು ಬರೋದಿಲ್ಲ. ಹೋದ ಮಳೆಗಾಲದಲ್ಲಿ ಇಬ್ಬರು ಅತಿಥಿಗಳು "ಫಾಲ್ಸ್ ನೋಡಿ ಬರ್ತೀವಿ ಅಂಕಲ್" ಅಂತ ಮಧ್ಯಾಹ್ನ ಹೊರಟರು. ಕತ್ತಲಾದರೂ ಬರಲಿಲ್ಲ. ಯಾವ ಫಾಲ್ಸ್ ಅಂತಲೇ ಯಾರಿಗೂ ಗೊತ್ತಿಲ್ಲ, ನಮ್ಮ ಸುತ್ತ ಮೂರಿವೆ. ಊರ ಹುಡುಗರು ಟಾರ್ಚ್ ಹಿಡಿದು ಮೂರು ದಾರಿಗೂ ಹೊರಟರು. ಹಳ್ಳ ಏರಿದ್ದರಿಂದ ಅವರು ಆಚೆ ದಡದಲ್ಲೇ ನಿಂತುಬಿಟ್ಟಿದ್ದರು. ಹಗ್ಗ ಕಟ್ಟಿ ದಾಟಿಸಿದೆವು. ಏನೂ ಆಗಲಿಲ್ಲ, ದೇವರ ದಯೆ. ಆದರೆ ಪ್ರತಿ ಸಲವೂ ಹಾಗೇ ಆಗುತ್ತೆ ಅನ್ನೋಕಾಗುತ್ತಾ?

ದುಡ್ಡು ಹಾಕೋಕೆ ನಾವು ರೆಡಿ. ಯಾವುದಕ್ಕೆ ಹಾಕಬೇಕು ಅನ್ನೋದು ಹೇಳಿ.

ಟವರ್ ಕೆಲಸದವ

ಸರ್, ದೂರಸಂಪರ್ಕ ಕೆಲಸದಲ್ಲೇ ಜೀವನ ಕಳೆದವನು ನಾನು. ಈ ಗೊಂದಲ ಎಲ್ಲರಿಗೂ ಇದೆ, ಬಿಡಿಸಿ ಹೇಳುತ್ತೇನೆ.

ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ. ಅದು ಉಪಗ್ರಹಗಳಿಂದ ಬರುವ ಸಂಕೇತವನ್ನು ಕೇಳಿಸಿಕೊಳ್ಳುತ್ತದೆ ಅಷ್ಟೇ. ತಾನು ಎಲ್ಲಿದ್ದೇನೆ ಅಂತ ಬ್ಯಾಂಡ್‌ಗೆ ಗೊತ್ತಾಗುತ್ತದೆ. ಅದನ್ನು ನಿಮಗೆ ಹೇಳೋದಕ್ಕೆ ಟವರ್ ಬೇಕು. ಟವರ್ ಇಲ್ಲದ ಕಡೆ ಬ್ಯಾಂಡ್‌ಗೆ ಎಲ್ಲ ಗೊತ್ತಿರುತ್ತದೆ, ನಿಮಗೆ ಏನೂ ಗೊತ್ತಿರೋದಿಲ್ಲ. ದಟ್ಟ ಕಾಡು, ಕಡಿದಾದ ಕಣಿವೆಯಲ್ಲಿ ಜಿಪಿಎಸ್ ಕೂಡ ಸ್ವಲ್ಪ ಅತ್ತಿತ್ತ ತೋರಿಸುತ್ತದೆ.

ಕಂಪನಿಯವರನ್ನು ಇಷ್ಟು ಕೇಳಿ. ಒಳಗಿರುವ ಸಿಮ್ ಯಾವ ಕಂಪನಿಯದು? ಸಿಗ್ನಲ್ ಹೋದಾಗ ಜಾಗದ ಮಾಹಿತಿ ಕೂಡಿಟ್ಟು, ಸಿಕ್ಕಾಗ ಕಳಿಸುತ್ತದಾ? ಬ್ಯಾಟರಿ ಎಷ್ಟು ಹೊತ್ತು? ಆಮೇಲೆ ಅವರನ್ನೇ ಬ್ಯಾಂಡ್ ಕಟ್ಟಿಸಿ ನಿಮ್ಮ ಹಳ್ಳದವರೆಗೆ ನಡೆಸಿ. ಟಿವಿಯಲ್ಲಿ ಚುಕ್ಕಿ ಎಲ್ಲಿ ನಿಂತುಹೋಗುತ್ತದೆ ನೋಡಿ. ಆ ಜಾಗದಿಂದ ಆಚೆಗೆ ನೀವು ದುಡ್ಡು ಕೊಡುತ್ತಿರುವುದು ಬರೀ ಬೆಲ್ಟಿಗೆ.

ಇನ್ನೊಂದು ಮಾತು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಕರೆಂಟ್ ಹೋದರೆ ಟವರ್ ಬ್ಯಾಟರಿ ಮೇಲೆ ನಿಲ್ಲುತ್ತದೆ. ಬ್ಯಾಟರಿ ಮುಗಿದರೆ ಟವರ್ ಮಲಗುತ್ತದೆ. ಅಂದರೆ ಗಾಳಿ ಮಳೆ ಜೋರಾಗಿ, ಜನ ಸಿಕ್ಕಿಹಾಕಿಕೊಳ್ಳುವ ದಿನವೇ ಸಿಗ್ನಲ್ ಇರೋದಿಲ್ಲ. ಬೇಸಿಗೆಯಲ್ಲಿ ಡೆಮೊ ನೋಡಿ ಒಪ್ಪಿಕೊಳ್ಳಬೇಡಿ.

ಈಗ ಖರ್ಚಿಲ್ಲದ ವಿಷಯ. ಫೋನಿನಲ್ಲಿ "ಎಮರ್ಜೆನ್ಸಿ ಕಾಲ್ಸ್ ಓನ್ಲಿ" ಅಂತ ಬಂದರೆ ಜನ ಸಿಗ್ನಲ್ ಇಲ್ಲ ಅಂದುಕೊಂಡು ಜೇಬಿಗೆ ಇಡುತ್ತಾರೆ. ನಿಮ್ಮ ಕಂಪನಿಯ ಟವರ್ ಇಲ್ಲ, ಬೇರೆ ಯಾರದ್ದೋ ಇದೆ ಅಂತ ಅದರ ಅರ್ಥ. ತುರ್ತು ಸಂಖ್ಯೆ 112ಕ್ಕೆ ಕರೆ ಅದರ ಮೂಲಕ ಹೋಗುತ್ತದೆ. 2017ರ ಜನವರಿಯಿಂದ ನಮ್ಮ ದೇಶದಲ್ಲಿ ಮಾರುವ ಫೋನುಗಳಲ್ಲಿ ಪ್ಯಾನಿಕ್ ಬಟನ್ ಇರಲೇಬೇಕು ಅಂತ ನಿಯಮವೂ ಇದೆ. ಪವರ್ ಬಟನ್ ಪಟಪಟ ಒತ್ತಿದರೆ ಕೆಲಸ ಮಾಡುವ ಹಾಗೆ ಸೆಟ್ ಮಾಡಿಕೊಳ್ಳಬಹುದು. ಚೆಕ್‌ಇನ್ ಹೊತ್ತಿಗೆ ಅತಿಥಿಗಳ ಕೈಲೇ ಮಾಡಿಸಿ. ಡೇಟಾ ಇಲ್ಲದ ಕಡೆ ವಾಟ್ಸಾಪ್ ಹೋಗದಿದ್ದರೂ ಎಸ್‌ಎಂಎಸ್ ಎಷ್ಟೋ ಸಲ ಹೋಗುತ್ತದೆ, ಅದನ್ನೂ ಹೇಳಿಕೊಡಿ.

ಕುಕ್ಕೆ ಗೈಡ್

ಟವರ್ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ಲೊಕೇಶನ್ ಹೋಗುವ ಕಡೆ ಅದು ಜೀವ ಉಳಿಸುತ್ತದೆ, ಅನುಮಾನ ಬೇಡ. 2022ರ ಫೆಬ್ರವರಿಯಲ್ಲಿ ನಂದಿ ಬೆಟ್ಟದ ಪಕ್ಕದ ಬ್ರಹ್ಮಗಿರಿಯಲ್ಲಿ ಒಬ್ಬ ವಿದ್ಯಾರ್ಥಿ ಸುಮಾರು 300 ಅಡಿ ಜಾರಿ ಬಂಡೆಯ ಸಂದಿನಲ್ಲಿ ಸಿಕ್ಕಿಬಿದ್ದ. ತಾನಿದ್ದ ಜಾಗದ ಲೊಕೇಶನ್ ಪೊಲೀಸರಿಗೆ ಕಳಿಸಿದ. ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತಿತು. ಅಲ್ಲಿ ಸಿಗ್ನಲ್ ಇತ್ತು, ಹತ್ತಿರದಲ್ಲೇ ಯಲಹಂಕ ವಾಯುನೆಲೆ ಇತ್ತು.

ನಮ್ಮ ಕುಮಾರ ಪರ್ವತದ ಕಥೆ ಬೇರೆ ಮಾರಾಯ್ರೇ. 2019ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಒಬ್ಬ ಹುಡುಗ ಇಳಿಯುವಾಗ ಗುಂಪಿನಿಂದ ತಪ್ಪಿಹೋದ. ಮಳೆ, ಮಂಜು. ಕೊನೆಗೆ ಕಾಡಿನಲ್ಲಿ ಕಂಡ ನೀರಿನ ಪೈಪ್ ಹಿಡಿದುಕೊಂಡೇ ಸುಬ್ರಹ್ಮಣ್ಯಕ್ಕೆ ಇಳಿದು ಬಂದ. ಅಷ್ಟು ಹೊತ್ತು ಅವನನ್ನು ಉಳಿಸಿದ್ದು ಅವನ ಗಟ್ಟಿ ಮನಸ್ಸು.

ನನ್ನ ಪ್ರಕಾರ ಅತಿ ಮುಖ್ಯ ತಂತ್ರಜ್ಞಾನ ಅಂದರೆ ಲೆಕ್ಕ. 2024ರ ಜನವರಿ ಕೊನೆಯಲ್ಲಿ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ನಿಂತ ಫೋಟೋ ಎಲ್ಲರೂ ನೋಡಿದ್ದೀರಿ. ಆಮೇಲೆ ಅರಣ್ಯ ಇಲಾಖೆ ಟ್ರೆಕ್ಕಿಂಗ್ ನಿಲ್ಲಿಸಿ, ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ವಿಹಾರ ಅಂತ ಆನ್‌ಲೈನ್ ಬುಕಿಂಗ್ ತಂದಿತು. ಒಂದು ದಾರಿಗೆ ದಿನಕ್ಕೆ 300 ಜನ. ಇದರಿಂದ ಹತ್ತುವವರ ಹೆಸರು ಮುಂಚೆಯೇ ಗೊತ್ತು. ಇನ್ನು ಇಳಿದವರ ಲೆಕ್ಕವನ್ನೂ ಅಷ್ಟೇ ಕಟ್ಟುನಿಟ್ಟಾಗಿ ಇಡಬೇಕು. ಸಂಜೆ ಗೇಟಿನಲ್ಲಿ ಅದೇ ಟಿಕೆಟ್ ಇನ್ನೊಮ್ಮೆ ಸ್ಕ್ಯಾನ್ ಆಗಲಿ. ಯಾರ ಟಿಕೆಟ್ ಸ್ಕ್ಯಾನ್ ಆಗಿಲ್ಲವೋ ಅವರು ಮೇಲಿದ್ದಾರೆ. ಕತ್ತಲಾಗುವ ಮುಂಚೆ ಹುಡುಕಲು ಹೊರಡಬಹುದು.

ಅಮರನಾಥ ಯಾತ್ರೆಯಲ್ಲಿ 2022ರಿಂದ ಎಲ್ಲ ಯಾತ್ರಿಗಳ ಕೊರಳಿಗೂ ಆರ್‌ಎಫ್‌ಐಡಿ ಟ್ಯಾಗ್ ಹಾಕುತ್ತಾರೆ. ಅದಕ್ಕೆ ಸಿಮ್ಮೂ ಬೇಡ, ಜಿಪಿಎಸ್ಸೂ ಬೇಡ. ದಾರಿಯ ಗೇಟುಗಳಲ್ಲಿರುವ ಯಂತ್ರ ಓದಿಕೊಳ್ಳುತ್ತದೆ. ಇವರು ಈ ಗೇಟು ದಾಟಿದರು, ಮುಂದಿನದು ಇನ್ನೂ ದಾಟಿಲ್ಲ ಅಂತ ಗೊತ್ತಾಗುತ್ತದೆ. ನಮ್ಮಲ್ಲಿ ಗಿರಿಗದ್ದೆಯಲ್ಲೊಂದು, ಕಲ್ಲು ಮಂಟಪದ ಹತ್ತಿರ ಇನ್ನೊಂದು ಇದ್ದರೂ ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ.

ಸೆನ್ಸರ್ ಕೆಲಸ

ನಾನು ಬೆಂಗಳೂರಿನಲ್ಲಿ ಸೆನ್ಸರ್ ಮಾಡುವ ಕೆಲಸದಲ್ಲಿದ್ದೇನೆ. ಊರು ಕೊಪ್ಪ, ಹಾಗಾಗಿ ನಿಮ್ಮ ಮಳೆ ಗೊತ್ತು.

ಸಿಮ್ ಬ್ಯಾಂಡ್ ಬದಲು ಲೋರಾ ಅಂತ ಒಂದು ರೇಡಿಯೋ ಇದೆ. ನಮ್ಮಲ್ಲಿ 865 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅದಕ್ಕೆ ಲೈಸೆನ್ಸ್ ಬೇಡ. ಮೊಬೈಲ್ ಟವರ್ ಬೇಕಿಲ್ಲ. ಗುಡ್ಡದ ನೆತ್ತಿಯಲ್ಲಿ ಒಂದು ಗೇಟ್‌ವೇ, ಅಂದರೆ ಸಂದೇಶ ಹಿಡಿಯುವ ಪೆಟ್ಟಿಗೆ ಇಟ್ಟರೆ, ಅಡ್ಡ ಏನೂ ಇಲ್ಲದ ಕಡೆ ಕೆಲವು ಕಿಲೋಮೀಟರ್ ದೂರದಿಂದ ಸಣ್ಣ ಸಂದೇಶ ಹಿಡಿಯುತ್ತದೆ. ಒಂದು ಬ್ಯಾಟರಿಯಲ್ಲಿ ವರ್ಷಗಟ್ಟಲೆ ಓಡುವ ಸೆನ್ಸರ್ ಮಾಡಬಹುದು. ಕಷ್ಟವೂ ಹೇಳಿಬಿಡುತ್ತೇನೆ. ಒದ್ದೆ ಕಾಡು, ಕಣಿವೆಯ ತಿರುವು ಬಂದರೆ ದೂರ ಬಹಳ ಕಡಿಮೆಯಾಗುತ್ತದೆ. ಜುಲೈನಲ್ಲಿ ವಾರಗಟ್ಟಲೆ ಬಿಸಿಲು ಕಾಣದಿದ್ದರೆ ಗೇಟ್‌ವೇಯ ಸೋಲಾರ್ ಕೈಕೊಡುತ್ತದೆ, ದೊಡ್ಡ ಬ್ಯಾಟರಿ ಬೇಕು.

ಆದರೆ ನಿಮ್ಮ ಕಥೆ ಓದಿದ ಮೇಲೆ ನನಗೆ ಅನ್ನಿಸಿದ್ದು ಬೇರೆ. ಮನುಷ್ಯರಿಗೆ ಕಟ್ಟಬೇಡಿ. ಹಳ್ಳಕ್ಕೆ ಕಟ್ಟಿ.

ಮನುಷ್ಯ ಎಲ್ಲಿ ಬೇಕಾದರೂ ಹೋಗುತ್ತಾನೆ, ಬ್ಯಾಂಡ್ ಬಿಚ್ಚಿಡುತ್ತಾನೆ, ಚಾರ್ಜ್ ಮಾಡೋಕೆ ಮರೆಯುತ್ತಾನೆ. ಅಪಾಯದ ಜಾಗ ಮಾತ್ರ ಅಲ್ಲೇ ಇರುತ್ತದೆ. ಯಾವ ಹಳ್ಳ ಏರುತ್ತದೆ, ಯಾವ ಅಬ್ಬಿಯ ಬಂಡೆ ಜಾರುತ್ತದೆ ಅಂತ ನಿಮಗೆ ಮೊದಲೇ ಗೊತ್ತು. ಹಳ್ಳದ ಮೇಲ್ಗಡೆ ಸಂಕದ (ಕಾಲುಸೇತುವೆಯ) ಅಡಿಗೆ ನೀರಿನ ಮಟ್ಟ ಅಳೆಯುವ ಸೆನ್ಸರ್ ಕೂರಿಸಿ. ಅದು ಕೆಳಕ್ಕೆ ಶಬ್ದದ ಅಲೆ ಬಿಟ್ಟು, ವಾಪಸ್ ಬರುವ ಸಮಯದಿಂದ ನೀರು ಎಷ್ಟು ಕೆಳಗಿದೆ ಅಂತ ಲೆಕ್ಕ ಹಾಕುತ್ತದೆ. ನೀರು ಇದ್ದಕ್ಕಿದ್ದಂತೆ ಏರಿದರೆ ಕೆಳಗೆ ಜನ ಇಳಿಯುವ ಜಾಗದಲ್ಲಿ ಸೈರನ್ ಕೂಗುತ್ತದೆ. ಸೆನ್ಸರ್ ಮತ್ತು ಸೈರನ್ ನೇರವಾಗಿ ಮಾತಾಡಿಕೊಳ್ಳುತ್ತವೆ, ಇಂಟರ್ನೆಟ್ ಬಿದ್ದರೂ ನಡೆಯುತ್ತದೆ.

ಇದು ಯಾಕೆ ಮುಖ್ಯ ಅಂದರೆ 2014ರ ಜೂನ್ 8. ಹಿಮಾಚಲದ ಬಿಯಾಸ್ ನದಿ. ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರವಾಸ ಹೋಗಿದ್ದವರು ದಡದ ಬಂಡೆಗಳ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದರು. ಮೇಲಿನ ಲಾರ್ಜಿ ಅಣೆಕಟ್ಟೆಯಿಂದ ನೀರು ಬಿಟ್ಟರು. ನೋಡನೋಡುತ್ತಿದ್ದಂತೆ ಹೊಳೆ ಏರಿತು. 24 ವಿದ್ಯಾರ್ಥಿಗಳು ಹೋದರು. ಆ ಮಕ್ಕಳ ಜೇಬಿನಲ್ಲಿ ಫೋನ್ ಇತ್ತು, ಕೈಯಲ್ಲಿ ಕ್ಯಾಮೆರಾ ಇತ್ತು. ನೀರು ಬರುತ್ತಿದೆ ಅಂತ ಅವರು ನಿಂತ ಜಾಗದಲ್ಲಿ ಹೇಳುವ ಒಂದು ವ್ಯವಸ್ಥೆ ಬೇಕಿತ್ತು. ಅವರಿಗೆ ಬೇಕಾಗಿದ್ದು ಕೆಲವೇ ನಿಮಿಷ. ಅದನ್ನು ನೆನೆದಾಗೆಲ್ಲ ಈ ಕೆಲಸ ಮಾಡಲೇಬೇಕು ಅನ್ನಿಸುತ್ತದೆ.

ಚಾರಣ ಹುಚ್ಚು

ಇಷ್ಟೆಲ್ಲ ಯಾಕೆ, ಸ್ಯಾಟಲೈಟ್ ಮೆಸೆಂಜರ್ ಸಿಗುತ್ತಲ್ವಾ? ಗಾರ್ಮಿನ್ ಇನ್‌ರೀಚ್. ಅಮೆರಿಕದಲ್ಲಿರುವ ಅಣ್ಣನಿಗೆ ಹೇಳಿದರೆ ತರುತ್ತಾನೆ. ಟವರ್ ಗೊಡವೆಯೇ ಇಲ್ಲ.

ಟವರ್ ಕೆಲಸದವ

ದಯವಿಟ್ಟು ತರಿಸಬೇಡಿ. ನಮ್ಮಲ್ಲಿ ಉಪಗ್ರಹ ಫೋನ್, ಉಪಗ್ರಹ ಮೆಸೆಂಜರ್ ಇಟ್ಟುಕೊಳ್ಳಲು ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. 2024ರ ಡಿಸೆಂಬರ್‌ನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ವಿದೇಶಿ ಪ್ರವಾಸಿಗರೊಬ್ಬರನ್ನು ಇದೇ ಇನ್‌ರೀಚ್ ಬ್ಯಾಗಿನಲ್ಲಿದ್ದಿದ್ದಕ್ಕೆ ತಡೆದು ಕೇಸು ಹಾಕಿದರು. ಪಾಪ, ಸುರಕ್ಷತೆಗೆ ಅಂತ ತಂದಿದ್ದರು. ಸಂಸೆ ಸರ್, ನಿಮ್ಮಲ್ಲಿಗೆ ವಿದೇಶಿಯರು ಬಂದರೆ ಬುಕಿಂಗ್ ಮಾಡುವಾಗಲೇ ಇದನ್ನು ಹೇಳಿಬಿಡಿ.

ಐಫೋನ್ 14ರಿಂದ ಉಪಗ್ರಹದ ಮೂಲಕ ಎಸ್‌ಒಎಸ್ ಕಳಿಸುವ ಸೌಲಭ್ಯ ಬಂದಿದೆ, ಆದರೆ ಆಪಲ್ ಅದನ್ನು ಕೊಟ್ಟಿರುವ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಅದನ್ನು ನಂಬಿ ಯಾರೂ ಕಾಡಿಗೆ ಹೋಗಬಾರದು. ಬಿಎಸ್‌ಎನ್‌ಎಲ್ 2024ರ ನವೆಂಬರ್‌ನಲ್ಲಿ ಅಮೆರಿಕದ ಉಪಗ್ರಹ ಕಂಪನಿ ವಯಾಸ್ಯಾಟ್ ಜೊತೆ ಸೇರಿ ಫೋನಿನಿಂದ ನೇರ ಉಪಗ್ರಹಕ್ಕೆ ಸಂದೇಶ ಕಳಿಸುವ ಸೇವೆ ಘೋಷಿಸಿತು. ಅದು ಸಾಮಾನ್ಯ ಜನರ ಕೈಗೆ ಸುಲಭವಾಗಿ ಸಿಗುವಂತಾದರೆ ಮಲೆನಾಡಿಗೆ ದೊಡ್ಡ ಉಪಕಾರ.

ಅಲ್ಲಿವರೆಗೆ ಗೈಡ್‌ಗಳ ನಡುವೆ ಲೈಸೆನ್ಸ್ ಬೇಡದ ಕಡಿಮೆ ಶಕ್ತಿಯ ವಾಕಿಟಾಕಿ ಇಟ್ಟುಕೊಳ್ಳಿ. 446 ಮೆಗಾಹರ್ಟ್ಸ್‌ನದ್ದು. ಕೊಳ್ಳುವಾಗ ಅದೇ ಫ್ರೀಕ್ವೆನ್ಸಿ ಅಂತ ಖಾತ್ರಿ ಮಾಡಿಕೊಳ್ಳಿ. ಬೇರೆ ಫ್ರೀಕ್ವೆನ್ಸಿಯದ್ದಾದರೆ ತೊಂದರೆ.

ಹೊನ್ನಾವರ ಕಡಲು

ಕಡಲ ಕಡೆಯಿಂದ ನನ್ನದೊಂದು ಮಾತು.

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯ ನಾಲ್ವರು ಹುಡುಗಿಯರು ಸಮುದ್ರ ಪಾಲಾದರು. ಶಾಲಾ ಪ್ರವಾಸ. ಕೆಲವು ಮಕ್ಕಳಿಗೆ ಅದೇ ಮೊದಲ ಸಮುದ್ರ ಇದ್ದೀತು. ನಮ್ಮ ಮನೆಯಲ್ಲಿ ಆ ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಸಮುದ್ರದಲ್ಲಿ ಸಮಯ ಇರೋದಿಲ್ಲ. ಗುಡ್ಡದಲ್ಲಿ ತಪ್ಪಿಸಿಕೊಂಡವರನ್ನು ಮಾರನೇ ದಿನ ಹುಡುಕಬಹುದು. ನೀರಿನಲ್ಲಿ ಎಲ್ಲ ನಿಮಿಷಗಳ ಲೆಕ್ಕ. ಹಾಗಾಗಿ ನನಗೆ ಯಾವ ಯಂತ್ರದ ಬಗ್ಗೆ ಹೇಳಿದರೂ ಮೊದಲ ಪ್ರಶ್ನೆ, ಅಲಾರಂ ಆದ ಮೇಲೆ ನೀರಿಗೆ ಇಳಿಯುವವರು ಯಾರು, ಅವರು ಎಷ್ಟು ದೂರದಲ್ಲಿ ಕೂತಿದ್ದಾರೆ?

ಹೊರಗಿನಿಂದ ಬಂದವರು ಗಮನಿಸದ ಒಂದು ವಿಷಯ ಇದೆ. ಅಲೆ ಒಡೆಯುವ ಸಾಲಿನ ನಡುವೆ ಒಂದು ಕಡೆ ನೀರು ಶಾಂತವಾಗಿ, ಸ್ವಲ್ಪ ಗಾಢ ಬಣ್ಣದಲ್ಲಿ ಕಾಣುತ್ತದೆ. ಅಲೆ ಇಲ್ಲ, ಮಕ್ಕಳಿಗೆ ಇದೇ ಒಳ್ಳೆಯದು ಅಂತ ಅಲ್ಲೇ ಇಳಿಯುತ್ತಾರೆ. ದಡಕ್ಕೆ ಬಂದ ನೀರೆಲ್ಲ ವಾಪಸ್ ಒಳಗೆ ಹೋಗುವ ದಾರಿಯೇ ಅದು. ಅಲ್ಲೇ ಸೆಳೆತ ಜಾಸ್ತಿ. ಸಿಕ್ಕಿಕೊಂಡವರು ನೇರ ದಡಕ್ಕೆ ಈಜಲು ಹೋಗಿ ಸುಸ್ತಾಗುತ್ತಾರೆ. ದಡಕ್ಕೆ ಸಮವಾಗಿ ಅಡ್ಡ ಈಜಿ ಸೆಳೆತದಿಂದ ಹೊರಗೆ ಬರಬೇಕು, ಆಮೇಲೆ ದಡದ ಕಡೆ.

ಗೋವಾದಲ್ಲಿ ದೃಷ್ಟಿ ಮರೀನ್ ಅನ್ನುವ ಸಂಸ್ಥೆ 2008ರಿಂದ ಲೈಫ್‌ಗಾರ್ಡ್ ಕೆಲಸ ನೋಡಿಕೊಳ್ಳುತ್ತಿದೆ. 2023ರಲ್ಲಿ ಅವರು ಔರಸ್ ಅಂತ ದಡದಲ್ಲಿ ಓಡಾಡುವ ರೋಬೋಟ್, ಟ್ರೈಟನ್ ಅಂತ ಕ್ಯಾಮೆರಾ ನೋಡಿ ಎಚ್ಚರಿಸುವ ವ್ಯವಸ್ಥೆ ತಂದರು. ಈಜಬಾರದ ಕಡೆ ಯಾರಾದರೂ ಇಳಿದರೆ ಹತ್ತಿರದ ಲೈಫ್‌ಗಾರ್ಡ್‌ಗೆ ಸುದ್ದಿ ಹೋಗುತ್ತದೆ. ನಾನು ಅದನ್ನು ಮೆಚ್ಚುತ್ತೇನೆ. ಯಾಕೆಂದರೆ ಮೊದಲು ಅವರಲ್ಲಿ ಜನ ಇದ್ದರು, ಯಂತ್ರ ಆಮೇಲೆ ಬಂತು. ನಮ್ಮಲ್ಲಿ ಕಾಸರಕೋಡು, ಪಡುಬಿದ್ರಿ ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಮಾನ್ಯತೆ ಸಿಕ್ಕಿತು. ಅದಕ್ಕೆ ಲೈಫ್‌ಗಾರ್ಡ್ ಇರಲೇಬೇಕು. ಅದೇ ನಿಯಮ ಜನ ಸೇರುವ ಎಲ್ಲ ಬೀಚಿಗೂ ಬರಬೇಕು ಅಂತ ನನ್ನ ಆಸೆ. ಇಲ್ಲಿ ಎಷ್ಟೋ ಸಲ ಮುಳುಗುವವರನ್ನು ಎಳೆದು ತರುವವರು ನಮ್ಮ ಮೀನುಗಾರ ಹುಡುಗರೇ. ಅವರಿಗೆ ಸಂಬಳ, ವಿಮೆ, ರೇಡಿಯೋ ಕೊಟ್ಟರೆ ಅದಕ್ಕಿಂತ ಒಳ್ಳೆಯ ಸೆನ್ಸರ್ ಬೇರೆ ಸಿಗೋದಿಲ್ಲ.

ಸಿಯೋಲ್ ಕನ್ನಡತಿ

ಹೊನ್ನಾವರ ಅಣ್ಣ ಕೇಳಿದ ಪ್ರಶ್ನೆಯನ್ನೇ ಇಲ್ಲಿನವರು ಕಣ್ಣೀರು ಹಾಕಿಕೊಂಡು ಕೇಳಿದರು. ನಾನು ಇರುವುದು ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ. ಸ್ಮಾರ್ಟ್ ಸಿಟಿ ಅಂದರೆ ಜಗತ್ತೇ ತೋರಿಸುವ ಊರು ಇದು. 2022ರ ಅಕ್ಟೋಬರ್ 29ರ ರಾತ್ರಿ ಇಟೆವಾನ್ ಅನ್ನುವ ಜಾಗದ ಇಳಿಜಾರು ಓಣಿಯಲ್ಲಿ ನೂಕುನುಗ್ಗಲಾಗಿ 159 ಜನ ಸತ್ತರು. ಅವರಲ್ಲಿ 26 ಜನ ವಿದೇಶಿಯರು.

ಇಲ್ಲಿಯೂ ಪೊಲೀಸ್ ನಂಬರ್ 112. ದುರಂತ ಆಗಿದ್ದು ರಾತ್ರಿ ಹತ್ತೂಕಾಲರ ಸುಮಾರಿಗೆ. ಮೊದಲ ಕರೆ ಹೋಗಿದ್ದು ಸಂಜೆ 6 ಗಂಟೆ 34 ನಿಮಿಷಕ್ಕೆ. ಜನ ತುಳಿತಕ್ಕೆ ಸಿಕ್ಕಿ ಸಾಯಬಹುದು ಅಂತ ಆ ಕರೆಯಲ್ಲೇ ಹೇಳಿದ್ದರು. ಒಟ್ಟು 11 ಕರೆಗಳು. ಫೋನ್ ಇತ್ತು, ಸಿಗ್ನಲ್ ಇತ್ತು, ಕ್ಯಾಮೆರಾ ಇತ್ತು, ಜಾಗ ಗೊತ್ತಿತ್ತು. ಬಂದ ಮಾಹಿತಿಯನ್ನು ಕೈಗೆತ್ತಿಕೊಂಡು, ಆ ಓಣಿಯಲ್ಲಿ ಜನರನ್ನು ಒಂದೇ ಕಡೆಗೆ ನಡೆಸಿ ಅಂತ ಆದೇಶ ಕೊಡುವವರು ಇರಲಿಲ್ಲ. ಆಮೇಲೆ ಸಿಯೋಲ್ ನಗರದವರು ಜನಸಂದಣಿ ಎಣಿಸುವ ಎಐ ಕ್ಯಾಮೆರಾ ಹಾಕಿದರು. ಒಂದು ಜಾಗದಲ್ಲಿ ಇಷ್ಟಕ್ಕಿಂತ ಜಾಸ್ತಿ ಜನ ಆದರೆ ನಗರಾಡಳಿತಕ್ಕೆ, ಪೊಲೀಸರಿಗೆ, ಅಗ್ನಿಶಾಮಕದವರಿಗೆ ಒಟ್ಟಿಗೇ ಎಚ್ಚರಿಕೆ ಹೋಗುತ್ತದೆ. ಯಾರು ಏನು ಮಾಡಬೇಕು ಅನ್ನೋದನ್ನೂ ಮೊದಲೇ ಬರೆದಿಡುತ್ತಾರೆ. ಆ ಎರಡನೆಯದೇ ನಿಜವಾದ ಪಾಠ ಅಂತ ನನಗೆ ಅನ್ನಿಸುತ್ತದೆ.

ಸಂಸೆಯವರಿಗೆ ನೇರ ಉಪಯೋಗಕ್ಕೆ ಬರುವ ಒಂದು ವಿಷಯ ಹೇಳುತ್ತೇನೆ. ಇಲ್ಲಿ ಬೆಟ್ಟ ಹತ್ತುವುದು ಅಂದರೆ ಎಲ್ಲ ವಯಸ್ಸಿನವರಿಗೂ ಪ್ರಾಣ. ದಾರಿಯುದ್ದಕ್ಕೂ ಸಣ್ಣ ಕಂಬಗಳಿವೆ. ಒಂದೊಂದರ ಮೇಲೂ ಒಂದು ನಂಬರ್, ಕೆಳಗೆ 119 ಅಂತ ತುರ್ತು ಸಂಖ್ಯೆ. ಕಾಲು ಮುರಿದರೆ ಕರೆ ಮಾಡಿ ಹತ್ತಿರದ ಕಂಬದ ನಂಬರ್ ಹೇಳಿದರೆ ಮುಗಿಯಿತು. ಅದು ಬೆಟ್ಟದ ಯಾವ ತಿರುವು ಅಂತ ರಕ್ಷಣಾ ತಂಡದ ಕಂಪ್ಯೂಟರ್‌ನಲ್ಲಿ ಬರುತ್ತದೆ. ಭಾಷೆ ಬರದವರೂ ನಾಲ್ಕು ಅಂಕಿ ಓದಬಹುದು. ಜಿಪಿಎಸ್ ತಪ್ಪು ತೋರಿಸಿದರೂ ಕಂಬ ತಪ್ಪು ಹೇಳೋದಿಲ್ಲ.

ಭಾಷೆಯ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇಲ್ಲಿ ಮಳೆ, ಭೂಕಂಪ ಏನಾದರೂ ಫೋನ್ ಜೋರಾಗಿ ಕಿರುಚುತ್ತದೆ. ಬರುವ ಸಂದೇಶ ಕೊರಿಯನ್‌ನಲ್ಲಿ. ಹೊಸದಾಗಿ ಬಂದಾಗ ಓಡಬೇಕಾ, ಒಳಗೆ ಕೂರಬೇಕಾ ಅಂತಲೇ ಗೊತ್ತಾಗುತ್ತಿರಲಿಲ್ಲ. ಅದಕ್ಕೆ ಸರ್ಕಾರ ವಿದೇಶಿಯರಿಗೆ ಬೇರೆ ಆ್ಯಪ್ ಕೊಟ್ಟಿದೆ. ಜಪಾನಿನಲ್ಲೂ ಸೇಫ್ಟಿ ಟಿಪ್ಸ್ ಅಂತ ಇದೆ, ಪ್ರವಾಸಿಗರಿಗೇ ಮಾಡಿದ್ದು, ಹಲವು ಭಾಷೆಗಳಲ್ಲಿ. ಕರ್ನಾಟಕದಲ್ಲೂ 2023ರ ಅಕ್ಟೋಬರ್‌ನಲ್ಲಿ ಎಲ್ಲರ ಫೋನೂ ಒಟ್ಟಿಗೆ ಕಿರುಚಿದ್ದು ನೆನಪಿದೆಯಾ? ಅಮ್ಮ ಹೆದರಿಕೊಂಡು ನನಗೆ ಫೋನ್ ಮಾಡಿದ್ದರು. ಅದು ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ಆ ಟವರ್ ಕೆಳಗೆ ಯಾರ ಫೋನ್ ಇದ್ದರೂ ನಂಬರ್ ಗೊತ್ತಿಲ್ಲದೆಯೇ ಸಂದೇಶ ತಲುಪುತ್ತದೆ. ಪ್ರವಾಸಿಗರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಯಾರು ಊರಿಗೆ ಬಂದಿದ್ದಾರೆ ಅಂತ ಪಟ್ಟಿ ಬೇಕಾಗೋದಿಲ್ಲ.

ಕೇಂದ್ರ ಪ್ರವಾಸೋದ್ಯಮ ಇಲಾಖೆಯ 1363 ಸಹಾಯವಾಣಿ 12 ಭಾಷೆಗಳಲ್ಲಿ ಅಂತ 2016ರಲ್ಲಿ ಶುರುವಾಯಿತು. ಅರಬ್ಬಿಯಿಂದ ರಷ್ಯನ್‌ವರೆಗೆ ಹತ್ತು ವಿದೇಶಿ ಭಾಷೆ, ಜೊತೆಗೆ ಹಿಂದಿ, ಇಂಗ್ಲಿಷ್. ಕನ್ನಡ ಅದರಲ್ಲಿಲ್ಲ. ಕೊಪ್ಪಳದಿಂದ ಕೇದಾರನಾಥಕ್ಕೆ ಹೋದ ಅಜ್ಜಿಯೂ ಪ್ರವಾಸಿಯೇ ಅಲ್ವಾ?

ಒಂಟಿ ಪಯಣ

ಎಲ್ಲರದೂ ಓದಿದೆ. ಯಾರೂ ಕೇಳದ ಒಂದನ್ನು ನಾನು ಕೇಳಬೇಕು. ಆ ಟಿವಿ ಮುಂದೆ ಕೂರುವವರು ಯಾರು?

ನಾನು ಒಬ್ಬಳೇ ಊರೂರು ಸುತ್ತುವ ಹೆಂಗಸು. ನಾನು ಯಾವ ರೂಮಿನಲ್ಲಿದ್ದೇನೆ, ಎಷ್ಟು ಹೊತ್ತಿಗೆ ಹೊರಗೆ ಹೋದೆ, ಗುಂಪಿನಿಂದ ಎಷ್ಟು ದೂರ ಒಬ್ಬಳೇ ಇದ್ದೇನೆ, ಇದೆಲ್ಲ ಒಂದು ಪರದೆಯ ಮೇಲೆ ಚುಕ್ಕಿಯಾಗಿ ಕಾಣುತ್ತದೆ ಅಂದರೆ ನನಗೆ ಧೈರ್ಯ ಬರೋದಿಲ್ಲ, ಭಯ ಬರುತ್ತದೆ. ಸಂಸೆ ಸರ್, ನಿಮ್ಮ ಮೇಲೆ ಅನುಮಾನ ಅಂತ ತಿಳಿಯಬೇಡಿ. ಆದರೆ ಆ ಮಾಹಿತಿ ಕಂಪನಿಯ ಸರ್ವರ್‌ನಲ್ಲಿರುತ್ತದೆ. ಅಲ್ಲಿ ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ನಿಮಗೂ ಗೊತ್ತಿರೋದಿಲ್ಲ.

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ ಬಂದಿದೆ. ಯಾವ ಕೆಲಸಕ್ಕೆ ಮಾಹಿತಿ ತಗೊಳ್ಳುತ್ತೀರಿ ಅಂತ ಹೇಳಿ ಒಪ್ಪಿಗೆ ತಗೊಳ್ಳಬೇಕು, ಒಪ್ಪಿಗೆ ವಾಪಸ್ ತಗೊಳ್ಳೋಕೂ ಬಿಡಬೇಕು ಅನ್ನುವುದು ಅದರ ಸಾರ. ಬ್ಯಾಂಡ್ ಕಟ್ಟಿಕೊಳ್ಳದಿದ್ದರೆ ರೂಮ್ ಇಲ್ಲ ಅಂದರೆ ಅದು ಒಪ್ಪಿಗೆ ಆಗುತ್ತಾ?

2025ರ ಮಾರ್ಚ್‌ನಲ್ಲಿ ಹಂಪಿಯ ಹತ್ತಿರ ಸಣಾಪುರದಲ್ಲಿ ಕಾಲುವೆ ದಡದಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. ರಾತ್ರಿ ನಕ್ಷತ್ರ ನೋಡಲು ಕೂತಿದ್ದವರ ಮೇಲೆ ದಾಳಿ. ಒಬ್ಬ ಪ್ರವಾಸಿ ಸತ್ತರು, ಇಬ್ಬರು ಹೆಂಗಸರ ಮೇಲೆ ಅತ್ಯಾಚಾರವಾಯಿತು. ಅಂಥ ಹೊತ್ತಿನಲ್ಲಿ ಕೆಂಪು ಬಟನ್ ಒತ್ತೋಕೂ ಸಮಯ ಸಿಗೋದಿಲ್ಲ. ಬೆಳಕು, ಓಡಾಡುವ ಜನ, ಗಸ್ತು, ಇದು ಮೊದಲು ಬೇಕು. ಬಟನ್ ಅದರ ಮೇಲೆ ಇರಲಿ.

ನಾನು ಮಾಡುವುದು ಇಷ್ಟೇ. ತಂಗಿಗೆ ಲೈವ್ ಲೊಕೇಶನ್ ಕಳಿಸುತ್ತೇನೆ. ಎಷ್ಟು ಹೊತ್ತು ಕಳಿಸಬೇಕು ಅನ್ನುವುದು ನನ್ನ ಕೈಲಿದೆ. ಸಿಗ್ನಲ್ ಹೋದರೂ ಕೊನೆಗೆ ಎಲ್ಲಿದ್ದೆ ಅಂತ ಅವಳಿಗೆ ಉಳಿಯುತ್ತದೆ. ನಾನು ಉಳಿದ ಮನೆಯ ಅಮ್ಮನಿಗೆ ಬಾಯಲ್ಲೇ ಹೇಳಿ ಹೋಗುತ್ತೇನೆ, ಆರೂವರೆಗೆ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ.

ಗಂಗಾವತಿ ಕಡೆಯವ

ಅಕ್ಕಾರ, ನಿಮ್ಮ ಮಾತು ಖರೇ ಐತಿ. ಆ ಘಟನೆ ಆದ ಮೇಲೆ ನಮ್ಮ ಭಾಗದವರೆಲ್ಲ ತಲೆ ತಗ್ಗಿಸಿದೆವು. ಪ್ರವಾಸಿಗರನ್ನು ನಂಬಿಯೇ ನಮ್ಮ ಎಷ್ಟೋ ಮನೆಗಳು ನಡೆಯುತ್ತವೆ. ಬಂದವರ ಜೀವ ನಮ್ಮ ಜವಾಬ್ದಾರಿ. ಕಾಲುವೆ ಮೇಲೆ ಕ್ಯಾಮೆರಾ ಬೇಕು ಅಂತ ನಾನೂ ಹೇಳುತ್ತೇನೆ. ಆದರೆ ಆ ಕ್ಯಾಮೆರಾ ರಾತ್ರಿ ಯಾರಾದರೂ ನೋಡುತ್ತಿರಬೇಕು. ಬೆಳಿಗ್ಗೆ ತನಿಖೆಗೆ ಮಾತ್ರ ಉಪಯೋಗ ಆದರೆ ಆ ಜೀವ ವಾಪಸ್ ಬರೋದಿಲ್ಲ.

ಕುಕ್ಕೆ ಗೈಡ್

ಸಿಯೋಲ್ ಅಕ್ಕನ ಕಂಬದ ಐಡಿಯಾ ನನಗೆ ತುಂಬಾ ಹಿಡಿಸಿತು. ಭಟ್ಟರ ಮನೆಯಿಂದ ಶೇಷ ಪರ್ವತದವರೆಗೆ ಎಲ್ಲೆಲ್ಲಿ ಸಿಗ್ನಲ್ ಸಿಗುತ್ತದೆ ಅಂತ ನಮಗೆ ಗೈಡ್‌ಗಳಿಗೆ ಬಾಯಿಪಾಠ. ಆ ಜಾಗಗಳಲ್ಲೇ ಕಂಬ ಹಾಕಿ, "ಇಲ್ಲಿ ಫೋನ್ ಸಿಗುತ್ತದೆ, ಈ ನಂಬರ್ ಹೇಳಿ" ಅಂತ ಬರೆದರೆ? ದಾರಿ ತಪ್ಪಿದವರಿಗೆ ಎಲ್ಲಿಗೆ ವಾಪಸ್ ಹೋಗಬೇಕು ಅಂತಾದರೂ ಗೊತ್ತಾಗುತ್ತದೆ. ಈಗ ಜನ ಸಿಗ್ನಲ್ ಹುಡುಕುತ್ತಾ ದಾರಿ ಬಿಟ್ಟು ಬಂಡೆ ಅಂಚಿಗೆ ಹೋಗುತ್ತಾರೆ. ಅದು ಇನ್ನೂ ಅಪಾಯ.

ಸೆನ್ಸರ್ ಕೆಲಸ

ಖಂಡಿತ ಮಾಡಬಹುದು. ಪ್ರತಿ ಕಂಬಕ್ಕೂ ಅಕ್ಷಾಂಶ ರೇಖಾಂಶ ಗುರುತು ಹಾಕಿ, ಪಟ್ಟಿಯನ್ನು ಠಾಣೆಗೂ ಅರಣ್ಯ ಇಲಾಖೆಗೂ ಕೊಡಬೇಕು. ಅದನ್ನು 112ರವರ ನಕ್ಷೆಗೂ ಸೇರಿಸಿ ಅಂತ ಕೇಳಬೇಕು. ಇಲ್ಲದಿದ್ದರೆ ಕರೆ ತಗೊಂಡವರಿಗೆ "ಕಂಬ 14" ಅಂದರೆ ಏನೂ ಅರ್ಥ ಆಗೋದಿಲ್ಲ.

ಸೈರನ್ ಬಗ್ಗೆ ಒಂದು ಎಚ್ಚರಿಕೆ. ಮಟ್ಟ ತೀರಾ ಕಡಿಮೆಗೆ ಇಟ್ಟರೆ ಪ್ರತಿ ಮಳೆಗೂ ಕೂಗುತ್ತದೆ. ತೋಳ ಬಂತು ತೋಳ ಕಥೆಯಂತೆ, ನಾಲ್ಕನೇ ಸಲ ಯಾರೂ ಏಳೋದಿಲ್ಲ. ಮೊದಲ ಮಳೆಗಾಲ ಪೂರ್ತಿ ಸೈರನ್ ಬಂದ್ ಇಟ್ಟು ಬರೀ ಅಳತೆ ಬರೆದುಕೊಳ್ಳಿ. ಹಳ್ಳ ಯಾವ ಮಟ್ಟಕ್ಕೆ ಬಂದಾಗ ನಿಮ್ಮ ಊರ ಹಿರಿಯರು "ಇನ್ನು ದಾಟಬೇಡಿ" ಅನ್ನುತ್ತಾರೋ ಅದನ್ನೇ ಗುರುತು ಮಾಡಿಕೊಳ್ಳಿ. ಆ ಗುರುತಿಗೆ ಸೈರನ್ ಹೊಂದಿಸೋಣ. ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಮೇಲಿನ ಪಂಚಾಯಿತಿಯಲ್ಲಿ ಎಷ್ಟು ಮಳೆ ಆಯಿತು ಅಂತ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಕೇಳಿಕೊಳ್ಳಬಹುದು. ನಿಮ್ಮಲ್ಲಿ ಬಿಸಿಲಿದ್ದರೂ ಮೇಲೆ ಸುರಿದಿದ್ದರೆ ಆ ದಿನ ಹಳ್ಳಕ್ಕೆ ಯಾರನ್ನೂ ಕಳಿಸಬೇಡಿ.

ಸಂಸೆ ಹೋಂಸ್ಟೇ

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ಟವರ್ ಸರ್ ಹೇಳಿದ ಹಾಗೆ ಕಂಪನಿಯವರನ್ನು ನಡೆಸಿಕೊಂಡು ಹೋದೆವು. ತೋಟದ ಬೇಲಿ ದಾಟಿ ಮೊದಲ ತಿರುವಿನಲ್ಲೇ ಚುಕ್ಕಿ ನಿಂತುಹೋಯಿತು. ಹುಡುಗ ಒಳ್ಳೆಯವನು, ಅವನೇ ಒಪ್ಪಿಕೊಂಡ. ಬ್ಯಾಂಡ್ ಬೇಡ ಅಂತ ತೀರ್ಮಾನ ಮಾಡಿದೆವು. ಒಂಟಿ ಪಯಣ ಮೇಡಂ ಬರೆದಿದ್ದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಮೊದಲಿಂದಲೂ ಇದನ್ನೇ ಹೇಳುತ್ತಿದ್ದಳು.

ಆ ದುಡ್ಡಿನಲ್ಲಿ ಮೂರು ಹಳ್ಳಗಳಿಗೂ ಸೆನ್ಸರ್, ದಾರಿಗೆ ನಂಬರ್ ಕಂಬ, ಊರಿನ ನಾಲ್ಕು ಹುಡುಗರಿಗೆ ವಾಕಿಟಾಕಿ, ಹಗ್ಗ, ಲೈಫ್ ಜಾಕೆಟ್. ಅವರಿಗೆ ಮಳೆಗಾಲದ ಮೂರು ತಿಂಗಳು ಸಂಬಳವನ್ನೂ ಎಲ್ಲ ಹೋಂಸ್ಟೇಯವರು ಸೇರಿ ಕೊಡುತ್ತೇವೆ. ಹೊರಗೆ ಹೋಗುವ ಅತಿಥಿ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಬೋರ್ಡ್ ಮೇಲೆ ಬರೆದು ಹೋಗಬೇಕು. ಅದೇ ಪಟ್ಟಿ ಹುಡುಗರ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಜಾಸ್ತಿ ಆದರೆ ಹೊರಡುತ್ತಾರೆ.

ಈಗ ಎರಡು ಪ್ರಶ್ನೆ. ಕಂಬ, ಸೈರನ್ ಹಾಕೋಕೆ ಯಾರ ಅನುಮತಿ ಬೇಕು? ಆಮೇಲೆ ಸೆನ್ಸರ್ ಮೇಡಂ, ನೀವು ಊರಿಗೆ ಬರುವುದು ಯಾವಾಗ?

ಕುಕ್ಕೆ ಗೈಡ್

ಜಾಗ ಪಂಚಾಯಿತಿಯದಾದರೆ ಪಿಡಿಒ ಹತ್ತಿರ ಅರ್ಜಿ ಕೊಡಿ. ಅರಣ್ಯದ ಒಳಗಾದರೆ ಮೊದಲು ವಲಯ ಅರಣ್ಯಾಧಿಕಾರಿ (ಆರ್‌ಎಫ್‌ಒ) ಅವರನ್ನು ಭೇಟಿ ಮಾಡಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿ ನಿಮ್ಮ ಪಕ್ಕದಲ್ಲೇ ಇದೆ, ಒಳಗೆ ಸೈರನ್ ಶಬ್ದಕ್ಕೆ ಒಪ್ಪಲಿಕ್ಕಿಲ್ಲ, ಪ್ರಾಣಿಗಳಿಗೆ ತೊಂದರೆ. ಅಲ್ಲಿ ಕೆಂಪು ದೀಪ ಕೇಳಿ. ಎಲ್ಲ ಬರವಣಿಗೆಯಲ್ಲೇ ಇರಲಿ.

ಸೆನ್ಸರ್ ಕೆಲಸ

ಮೇ ಎರಡನೇ ವಾರ ಬರುತ್ತೇನೆ, ಮಳೆ ಹಿಡಿಯುವ ಮುಂಚೆ. ಅಷ್ಟರಲ್ಲಿ ಮೂರೂ ಹಳ್ಳದ ಸಂಕದ ಫೋಟೋ ಹಾಕಿ, ಸಂಕದಿಂದ ನೀರಿಗೆ ಎಷ್ಟು ಎತ್ತರ ಅಂತ ಹಗ್ಗ ಬಿಟ್ಟು ಅಳೆದಿಡಿ. ಹೋದ ವರ್ಷ ನೀರು ಬಂದ ಗುರುತು ಬಂಡೆ ಮೇಲೆ ಇನ್ನೂ ಕಾಣುತ್ತಿದ್ದರೆ ಅದನ್ನೂ ಅಳೆಯಿರಿ. ಮನೆಯಿಂದ ಹಳ್ಳದವರೆಗೆ ನಡುವೆ ಎತ್ತರದ ಜಾಗ ಯಾವುದು, ಅಲ್ಲಿ ಕಂಬ ನಿಲ್ಲಿಸೋಕೆ ಯಾರ ತೋಟ ಅಂತ ನೋಡಿಕೊಳ್ಳಿ.